ಮೊದಲ ದಿನದ ನೀರು

ಚಳಿಯವರು ಬರಲು ಇನ್ನು ಹತ್ತು ದಿನ ಇದೆ ಎನ್ನುವಾಗ ಬೀಗದಕ್ಕ ಒಂದು ಬೆಳಗ್ಗೆ ಪೂರ್ತಿ ಕೂತು, ಗುಡಿಸಿ ಒರೆಸಿ ಥಳಥಳ ಎನ್ನುತ್ತಿದ್ದ ಮನೆಯೊಂದನ್ನು ಕೊಳಕು ಮಾಡಿದಳು. ಬೇರೆ ಮನೆಯಲ್ಲಿ ಗುಡಿಸಿದ ಧೂಳನ್ನು ಚೀಲದಲ್ಲಿ ಕಟ್ಟಿಕೊಂಡು ಬಂದು, ಹಿಟ್ಟಿನ ಜರಡಿಗೆ ಹಾಕಿ, ಮೇಜಿನ ಮೇಲೆ, ಕಿಟಕಿಯ ಪಟ್ಟಿಯ ಮೇಲೆ, ಕುರ್ಚಿಗಳಿಗೆ ಹೊದಿಸಿದ ಬಟ್ಟೆಯ ಮೇಲೆ ಸಣ್ಣಗೆ ಉದುರಿಸಿದಳು. ಹದಿನಾಲ್ಕು ವರ್ಷ ಧೂಳು ಹೊಡೆದೇ ಹೊಟ್ಟೆ ಹೊರೆದವಳು ಇವತ್ತು ಧೂಳು ಹಾಕುತ್ತಾ ಕೂತಿದ್ದಾಳಲ್ಲ ಎಂದು ಅವಳಿಗೇ ನಗು ಬಂತು. ಆಮೇಲೆ ಅಳುವೂ ಬಂತು, ಆ ಮಾತು ಬೇರೆ.

ಚಳಿಯವರೆಂದರೆ ಯಾರೆಂದು ಆ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ತಮ್ಮ ಕಡೆ ಚಳಿ ಮೂಳೆಗೆ ಇಳಿಯುವ ಹೊತ್ತಿಗೆ ಮಂಡಿನೋವು, ಉಬ್ಬಸ, ಪಿಂಚಣಿ ಎಲ್ಲವನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದಿಳಿಯುವ ಹಿರಿಯರು ಅವರು. ಇಳಿಯುವಾಗ ಕಿವಿ ಮುಚ್ಚುವ ಟೋಪಿ, ಮೈಮೇಲೆ ಎರಡೆರಡು ಸ್ವೆಟರು. ಸಂಜೆಯಾಗುವುದರೊಳಗೆ ಅರ್ಧ ತೋಳಿನ ಅಂಗಿ ತೊಟ್ಟು ರಸ್ತೆಯಲ್ಲಿ ಕೈಬೀಸಿಕೊಂಡು ನಡೆಯುತ್ತಿರುತ್ತಾರೆ. ಔಷಧಿ ಅಂಗಡಿಯವನು ಮಂಡಿಗೆ ಹಚ್ಚುವ ಮುಲಾಮನ್ನು ಮುಂದಿನ ಸಾಲಿಗೆ ತರುತ್ತಾನೆ. ಬಾಡಿಗೆ ಕಾರಿನವನು ಅಷ್ಟು ದಿನದ ಮಟ್ಟಿಗೆ ಮೆಲ್ಲಗೆ ಓಡಿಸುವುದನ್ನು ಕಲಿಯುತ್ತಾನೆ. ಅವರಿಗೆಲ್ಲ ಇಲ್ಲಿ ಸ್ವಂತ ಮನೆಗಳಿವೆ. ನಾಲ್ಕು ತಿಂಗಳು ಇದ್ದು ಬೀಗ ಜಡಿದು ಹೊರಟರೆ, ಮಿಕ್ಕ ಎಂಟು ತಿಂಗಳು ಆ ಬೀಗಗಳ ಯಜಮಾನಿಕೆ ಬೀಗದಕ್ಕನದು.

ಹನ್ನೊಂದು ಮನೆ, ಹನ್ನೊಂದು ಕೀ. ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆಯ ಚೂರು ಕಟ್ಟಿ ಒಂದೇ ಬಳೆಗೆ ಸಿಕ್ಕಿಸಿಕೊಂಡಿದ್ದಳು. ಹದಿನೈದು ದಿನಕ್ಕೊಮ್ಮೆ ಹೋಗಿ ಕಿಟಕಿ ತೆಗೆಯಬೇಕು, ಗೆದ್ದಲು ನೋಡಬೇಕು, ಮಳೆ ಒಳಗೆ ಬಂದಿದೆಯಾ ನೋಡಬೇಕು, ಬೀಗ ಹಾಕಿ ಬರಬೇಕು. ಅಷ್ಟೇ. ಒಳಗೆ ಕೂತು ಒಂದು ಲೋಟ ಕಾಫಿ ಕುಡಿಯುವ ಹಾಗೂ ಇಲ್ಲ. ಅವಳಿಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದ ಹೆಂಗಸು ಒಂದು ಮನೆಯ ಮಹಡಿಯ ಮೇಲೆ ತನ್ನ ಮಗಳ ಬಟ್ಟೆ ಒಣಗಲು ಹಾಕಿದ್ದಳು. ಅದನ್ನು ಯಾರೋ ಕಂಡರು, ಯಾರಿಗೋ ಹೇಳಿದರು, ಆ ವರ್ಷ ಬಂದಿಳಿದ ಚಳಿಯವರೆಲ್ಲ ಒಬ್ಬರ ಕಿವಿಯನ್ನೊಬ್ಬರು ಕಚ್ಚಿಕೊಂಡು ಸಂಜೆಯೊಳಗೆ ಎಲ್ಲ ಕೀಗಳನ್ನೂ ವಾಪಸು ಇಸಿದುಕೊಂಡರು. ಒಂದು ಕೀ ಹೋದರೆ ಹನ್ನೊಂದೂ ಹೋದ ಹಾಗೆ ಎಂಬುದು ಬೀಗದಕ್ಕನಿಗೆ ಅವತ್ತೇ ಗೊತ್ತಾಗಿತ್ತು.

ಅಂಥವಳು ಈ ಮಳೆಗಾಲದ ಕೊನೆಗೆ ನೀಲಿ ಬಟ್ಟೆಯ ಮನೆಯಲ್ಲಿ ಎರಡು ತಿಂಗಳು ತನ್ನ ತಂಗಿಯನ್ನು ಇಟ್ಟುಕೊಂಡಿದ್ದಳು.

ಏನು ಮಾಡುತ್ತಾಳೆ ಪಾಪ. ತಂಗಿಯ ಗಂಡನಿಗೆ ಅನುಮಾನದ ರೋಗ. ಹಾಲು ಉಕ್ಕಿದರೆ ಯಾರ ಧ್ಯಾನದಲ್ಲಿದ್ದೆ ಎನ್ನುವವನು. ಅಂಗಡಿಗೆ ಹೋಗಿ ಬರಲು ಏಳು ನಿಮಿಷ ಸಾಕು, ಹತ್ತು ಯಾಕಾಯಿತು ಎಂದು ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುವವನು. ಕೆಲಸದಿಂದ ಬಂದವನೇ ಮೊದಲು ದಿಂಬು ಮೂಸಿ ನೋಡುತ್ತಿದ್ದನಂತೆ. ಆರು ವರ್ಷ ಸಹಿಸಿಕೊಂಡು, ಏಳನೆಯ ವರ್ಷ ಒಂದು ಮಧ್ಯಾಹ್ನ ತಂಗಿ ಕೈಚೀಲ ಹಿಡಿದು ಅಕ್ಕನ ಬಾಗಿಲಿಗೆ ಬಂದು ನಿಂತಳು. ಅಕ್ಕನ ಮನೆಯೋ ಒಂದು ಕೋಣೆ, ಒಂದು ಅಡುಗೆಮನೆ. ಅವನು ಹುಡುಕಿಕೊಂಡು ಮೊದಲು ಬರುವುದೂ ಅಲ್ಲಿಗೇ. ಮೇಲಾಗಿ ಬೀಗದಕ್ಕನ ಗಂಡ, ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವ ಪ್ಲಂಬರ್, ಸ್ವಂತ ಬಾಯಿಗೆ ಮಾತ್ರ ಇವತ್ತಿನವರೆಗೂ ಒಂದು ವಾಷರ್ ಹಾಕಿಕೊಂಡವನಲ್ಲ. ಅವನ ಕಿವಿಗೆ ಬಿದ್ದದ್ದು ಸಂಜೆಗೆ ಊರಿನ ಕಿವಿಗೆ ಬಿದ್ದಿರುತ್ತಿತ್ತು. ಹಾಗಾಗಿ ಅವನಿಗೂ ಹೇಳದೆ, ರಸ್ತೆಯ ಕೊನೆಗಿದ್ದ ನೀಲಿ ಬಟ್ಟೆಯ ಮನೆಯನ್ನು ಹಿಂಬಾಗಿಲಿನಿಂದ ತೆಗೆದುಕೊಟ್ಟಳು.

"ಯಾರ ಕಣ್ಣಿಗೂ ಬೀಳಬೇಡ. ಮುಂದಿನ ಕಿಟಕಿ ತೆಗೀಬೇಡ. ನಾನೂ ದಿನಾ ಬರಲ್ಲ, ಬಂದ್ರೆ ಜನ ನೋಡ್ತಾರೆ," ಎಂದಿದ್ದಳು.

"ಅಕ್ಕ, ನೀನು ನನ್ನ ನಂಬ್ತೀಯ ಅಲ್ವಾ?" ಎಂದು ತಂಗಿ ಕೇಳಿದ್ದಳು. ಆರು ವರ್ಷ ಆ ಮನೆಯಲ್ಲಿ ಇದ್ದವಳಿಗೆ ಅದೊಂದೇ ಪ್ರಶ್ನೆ ಉಳಿದಿತ್ತು.

"ಹುಚ್ಚಿ, ನಂಬದೇ ಇದ್ರೆ ಈ ಕೀ ತೆಗೀತಿದ್ನಾ?"

ಎರಡು ತಿಂಗಳು ಕಳೆದ ಮೇಲೆ ದೂರದ ಊರಿನ ಒಂದು ಕಾರ್ಖಾನೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿತು. ತಂಗಿ ಹೋದಳು. ಹೋಗುವ ಮೊದಲು ಉಪಕಾರ ತೀರಿಸುವವಳ ಹಾಗೆ ಆ ಮನೆಯ ಮೂಲೆಮೂಲೆ ತಿಕ್ಕಿ, ಕಿಟಕಿಯ ಚಿಲಕಗಳಿಗೆ ಎಣ್ಣೆ ಬಿಟ್ಟು, ಗಾಜು ಒರೆಸಿಟ್ಟಳು. ಮುಚ್ಚಿದ ಮನೆ ಅಷ್ಟು ಚೆನ್ನಾಗಿದ್ದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಅದಕ್ಕೇ ಜರಡಿ, ಅದಕ್ಕೇ ಧೂಳು.

ನೀಲಿ ಬಟ್ಟೆಯ ಮನೆ ಕನ್ನಡಕದಮ್ಮನದು. ಪ್ರತಿ ವರ್ಷ ಆಕೆ ಗಂಡನಿಗಿಂತ ಎರಡು ದಿನ ಮೊದಲು ಬಂದು ಮನೆ ತೆರೆಸುವುದು ವಾಡಿಕೆ. ಈ ಸಲ ಹೇಳಿದ್ದಕ್ಕಿಂತ ಐದು ದಿನ ಮುಂಚೆಯೇ, ಫೋನೂ ಮಾಡದೆ, ಬೆಳಗ್ಗೆ ಹತ್ತು ಗಂಟೆಗೆ ಗೇಟಿನ ಮುಂದೆ ಇಳಿದು ನಿಂತಿದ್ದರು. ಕೈಯಲ್ಲಿ ತಮ್ಮ ಕೀ ಹಿಡಿದುಕೊಂಡಿದ್ದರೂ ಒಳಗೆ ಹೋಗಿರಲಿಲ್ಲ. ಬೀಗದಕ್ಕ ಸುದ್ದಿ ತಿಳಿದು ಏದುಸಿರು ಬಿಡುತ್ತಾ ಓಡಿ ಬಂದಾಗ ಆಕೆ ಅವಳ ಮುಖವನ್ನೇ ನೋಡುತ್ತಿದ್ದರು.

"ಯಜಮಾನ್ರು ಬರೋದು ಯಾವಾಗಮ್ಮ?"

"ಬರ್ತಾರೆ, ಆಮೇಲೆ. ನೀನೇ ತೆಗಿ ಬಾಗಿಲು."

ಮನೆ ತೆರೆದ ಮೊದಲ ದಿನ ಒಂದು ಕ್ರಮವಿತ್ತು. ಅಡುಗೆಮನೆಯ ನಲ್ಲಿಗೆ ಬಕೆಟ್ ಇಟ್ಟು ತಿರುಗಿಸಬೇಕು. ಎಂಟು ತಿಂಗಳು ಕೊಳವೆಯಲ್ಲಿ ನಿಂತ ನೀರು ಮೊದಲು ಕೆಮ್ಮಿಕೊಂಡು, ಆಮೇಲೆ ತುಕ್ಕು ಕದಡಿ ಕೆಂಪಗೆ ಸುರಿಯುತ್ತದೆ. ಎರಡು ಬಕೆಟ್ ಚೆಲ್ಲಿದ ಮೇಲೆ ತಿಳಿಯಾಗುತ್ತದೆ. "ಮನೆ ಬಾಯಿ ತೊಳ್ಕೊಳ್ತಿದೆ" ಎಂದು ಕನ್ನಡಕದಮ್ಮ ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ವರ್ಷ ಬೀಗದಕ್ಕ ಹೊಸದಾಗಿ ಕೇಳಿದಂತೆ ನಗುತ್ತಿದ್ದಳು. ಈ ಸಲವೂ ಬಕೆಟ್ ಇಟ್ಟಳು. ತಿರುಗಿಸಿದಳು.

ಮೊದಲ ಹನಿಯಿಂದಲೇ ಕನ್ನಡಿಯಂಥ ನೀರು.

ಬೀಗದಕ್ಕ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು, ನೀರು ಕೆಂಪಾಗಲಿಲ್ಲ. ಧೂಳು ನೆನಪಿತ್ತು, ಜರಡಿ ನೆನಪಿತ್ತು, ಪ್ಲಂಬರ್ ಹೆಂಡತಿಯಾಗಿ ನಲ್ಲಿ ನೆನಪಾಗಲಿಲ್ಲವಲ್ಲ. ಎರಡು ತಿಂಗಳು ತಂಗಿ ದಿನಾ ನೀರು ಹಿಡಿದದ್ದಕ್ಕೆ ಕೊಳವೆ ಇನ್ನೂ ಹಸನಾಗಿಯೇ ಇತ್ತು. ಕನ್ನಡಕದಮ್ಮ ಒಂದು ಗಾಜಿನ ಲೋಟ ತಂದು ನೀರು ಹಿಡಿದರು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ಬಾಯಿ ತೊಳೆದುಕೊಳ್ಳುವ ಮಾತು ಬರಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು ಮಲಗುವ ಕೋಣೆಗೆ ಹೋದರು.

"ಈ ಸಲ ಮುಗ್ಗಲು ವಾಸನೆನೇ ಇಲ್ಲ," ಎಂದರು ಅಲ್ಲಿಂದ.

"ಗಾಳಿ ಆಡಿಸಿದ್ದೆ ಅಮ್ಮ."

"ಚಿಲಕ ಬೆರಳಲ್ಲೇ ಜಾರುತ್ತೆ."

"ಎಣ್ಣೆ ಹಾಕಿದ್ದೆ ಅಮ್ಮ."

"ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು," ಎಂದರು ಕನ್ನಡಕದಮ್ಮ. ಹೊಗಳಿದರೋ ಚುಚ್ಚಿದರೋ ಗೊತ್ತಾಗಲಿಲ್ಲ. ಬೀಗದಕ್ಕ ಧೂಳು ಒರೆಸಲು ನಿಂತಳು. ತಾನೇ ಹಾಕಿದ ಧೂಳು, ಒರೆಸಿದಷ್ಟೂ ಬರುತ್ತಿತ್ತು.

ಆಮೇಲಿನ ನಾಲ್ಕು ದಿನ ಅವಳಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಕನ್ನಡಕದಮ್ಮ ಗದರಿಸಿದ್ದರೆ ಸಹಿಸಬಹುದಿತ್ತು, ಆಕೆ ಗದರಿಸಲೇ ಇಲ್ಲ. ನೆಲ ಒರೆಸುವಾಗ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು, ತಿರುಗಿದರೆ ಕಣ್ಣು ಬೇರೆ ಕಡೆ. ಒಂದು ದಿನ ಬಚ್ಚಲಿನ ಜಾಲರಿ ಬಿಚ್ಚಿಸಿ, ಅದರಲ್ಲಿ ಸಿಕ್ಕಿಕೊಂಡಿದ್ದ ಉದ್ದದ ಕೂದಲನ್ನು ಕಡ್ಡಿಯಿಂದ ಎತ್ತಿ ಕಾಗದದಲ್ಲಿ ಮಡಿಸಿಟ್ಟುಕೊಂಡರು. ಆಕೆಯ ಕೂದಲು ಬೆಳ್ಳಗೆ, ಕತ್ತಿನವರೆಗೆ ಕತ್ತರಿಸಿದ್ದು. ಬೀಗದಕ್ಕನದು ಅರ್ಧ ನರೆತ ಸಣ್ಣ ತುರುಬು. ಏನಾದರೂ ಕೇಳಲಿ, ಏನೋ ಒಂದು ಹೇಳಿ ಜಾರಿಕೊಳ್ಳೋಣ ಎಂದು ಅವಳು ಕಾದಳು. ಆಕೆ ಕೇಳಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯ ಗಿಡ ಕತ್ತರಿಸುತ್ತಿದ್ದ ಮಾಲಿ ಕೈಸನ್ನೆ ಮಾಡಿ ಬೇಲಿಯ ಹತ್ತಿರ ಕರೆದ.

"ಬೀಗದಕ್ಕ, ನಿಮ್ಮ ಅಮ್ಮಾವ್ರು ನನ್ನ ಕೇಳಿದ್ರು. ಮಳೆಗಾಲ್ದಲ್ಲಿ ಸಂಜೆ ಹೊತ್ತು ಒಳಗೆ ಲೈಟ್ ಉರೀತಿತ್ತಾ ಅಂತ."

"ನೀನೇನಂದೆ?"

"ನಂಗೊತ್ತಿಲ್ಲ ಅಂದೆ." ಅವನು ಕತ್ತರಿಯನ್ನು ಒರೆಸಿಕೊಳ್ಳುತ್ತಾ ಅವಳ ಮುಖ ನೋಡಿದ. "ಒಂದೆರಡು ಸಲ ಉರೀತಿತ್ತು. ಅದು ನನಗ್ಯಾಕೆ ಬಿಡು. ಯಾರು ಅಂತ ನಾನಂತೂ ನೋಡಿಲ್ಲಪ್ಪ."

ಅವತ್ತಿನಿಂದ ಬೀಗದಕ್ಕನಿಗೆ ಇಡೀ ಊರೇ ತನ್ನ ಬೆನ್ನಿಗೆ ಕಣ್ಣು ನೆಟ್ಟಂತೆ ಆಯಿತು. ಔಷಧಿ ಅಂಗಡಿಯ ಮುಂದೆ, ಆಗಲೇ ಬಂದಿಳಿದಿದ್ದ ಕೆಂಪು ಬಟ್ಟೆಯ ಮನೆಯಾಕೆಯೂ ಹಳದಿ ಬಟ್ಟೆಯ ಮನೆಯಾಕೆಯೂ ಮಾತಾಡುತ್ತಿದ್ದವರು ಅವಳನ್ನು ಕಂಡು ಸುಮ್ಮನಾದರು. ಅವರು ಮಲಬದ್ಧತೆಯ ಗುಳಿಗೆಯ ಬಗ್ಗೆ ಮಾತಾಡುತ್ತಿದ್ದಿರಬಹುದು, ಅದು ಯಾರೆದುರು ಬೇಕಾದರೂ ಆಡುವ ಮಾತಲ್ಲ. ಆದರೆ ಹೆದರಿದ ಮನಸ್ಸಿಗೆ ಇಷ್ಟೆಲ್ಲ ಹೊಳೆಯುತ್ತದೆಯೇ? ಮನೆಯಲ್ಲಿ ಗಂಡ, "ಯಾಕೇ, ಮೂರು ದಿನದಿಂದ ನನ್ನ ಬೈದೇ ಇಲ್ಲ, ಮೈ ಸರಿಯಿಲ್ವಾ?" ಎಂದು ಕೇಳಿದ. ಅದಕ್ಕೂ ಅವಳು ಬೈಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಕನ್ನಡಕದಮ್ಮ ಅವಳನ್ನು ಕರೆದು ಊಟದ ಮೇಜಿನ ಮುಂದೆ ಕುರ್ಚಿ ಎಳೆದು ಕೂರಿಸಿದರು. ಹದಿನಾಲ್ಕು ವರ್ಷದಲ್ಲಿ ಆ ಕುರ್ಚಿಗಳನ್ನು ಅವಳು ನೂರಾರು ಸಲ ಒರೆಸಿದ್ದಳು, ಕೂತದ್ದು ಅದೇ ಮೊದಲು. ಮೇಜಿನ ಮೇಲೆ ಮಡಿಸಿದ ಕಾಗದ. ಮುಗಿಯಿತು ಕಥೆ ಎಂದುಕೊಂಡಳು. ಸೊಂಟಕ್ಕೆ ಸಿಕ್ಕಿಸಿದ್ದ ಕೀಗಳ ಬಳೆಯನ್ನು ಕೈ ತಾನಾಗಿ ಮುಚ್ಚಿಕೊಂಡಿತು.

"ಸುತ್ತಿ ಬಳಸಿ ಕೇಳಲ್ಲ," ಎಂದರು ಕನ್ನಡಕದಮ್ಮ. "ಯಾರವಳು?"

"ಅಮ್ಮ, ನಾನು..."

"ನಿನ್ನ ತಪ್ಪಿಲ್ಲ, ನಂಗೊತ್ತು. ಮನೆ ಯಜಮಾನ್ರೇ ಬಂದು ಕೀ ಕೊಡು ಅಂದ್ರೆ ನೀನು ಹೆಂಗೆ ಕೊಡಲ್ಲ ಅಂತೀಯ. ಅವರ ಜೊತೆ ಬಂದಿದ್ದೋಳು ಯಾರು, ಅಷ್ಟು ಹೇಳು."

ಬೀಗದಕ್ಕನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಕನ್ನಡಕದಮ್ಮ ತಾವೇ ಬಿಡಿಸಿ ಹೇಳಿದರು, ಪಾಠ ಒಪ್ಪಿಸುವವರಂತೆ, ಸ್ವರ ಏರದೆ. ಸೆಪ್ಟೆಂಬರ್ ತಿಂಗಳಲ್ಲಿ ಯಜಮಾನರು ಅಣ್ಣನ ಮನೆಗೆ ಹೋಗಿ ಬರುತ್ತೇನೆಂದು ಹೊರಟು ಎಂಟು ದಿನ ಬಿಟ್ಟು ಬಂದಿದ್ದರು. ಹೋದ ತಿಂಗಳು ಆ ಅಣ್ಣನೇ ಫೋನಿನಲ್ಲಿ, ಅವನು ಈ ಕಡೆ ಬಂದು ಎರಡು ವರ್ಷವಾಯಿತಲ್ಲ ಎಂದಿದ್ದರು. ಕೇಳಿದರೆ ಯಜಮಾನರು ಒಮ್ಮೆ ಒಂದು ಹೇಳಿದರು, ಇನ್ನೊಮ್ಮೆ ಇನ್ನೊಂದು ಹೇಳಿದರು. "ಅದಕ್ಕೇ ಹೇಳ್ದೆ ಕೇಳ್ದೆ ಬಂದೆ. ಬಾಗಿಲು ತೆಗೆಯುವಾಗ ನಿನ್ನ ಮುಖ ನೋಡ್ದೆ. ಆಮೇಲೆ ನೀರು ನೋಡ್ದೆ."

ಪಾಪದ ಮಾತು ಹೇಳಬಾರದು, ಬೀಗದಕ್ಕನಿಗೆ ಮೊದಲು ಆದದ್ದು ಖುಷಿ. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ತಾನಾಗಿ ಇಳಿಯಿತು. ಆಕೆ ಹುಡುಕುತ್ತಿದ್ದುದು ಅವಳ ತಪ್ಪನ್ನಲ್ಲ.

"ನಿನ್ನ ಕೀ ನಿನ್ನ ಹತ್ರಾನೇ ಇರಲಿ. ನಾನು ಯಾರಿಗೂ ಹೇಳಲ್ಲ," ಎಂದರು ಕನ್ನಡಕದಮ್ಮ. "ಹೆಸರು ಹೇಳೋಕೆ ಕಷ್ಟ ಆದ್ರೆ ಬೇಡ. ಬಂದಿದ್ರು ಅಂತ ಒಂದು ಹೂಂ ಅನ್ನು, ಸಾಕು."

ಒಂದು ಹೂಂ. ಬಾಯಿಯನ್ನೂ ತೆರೆಯಬೇಕಾಗಿಲ್ಲ. ಹನ್ನೊಂದು ಕೀ ಉಳಿಯುತ್ತದೆ, ತಂಗಿಯ ಗುಟ್ಟೂ ಉಳಿಯುತ್ತದೆ. ಎಂಟು ದಿನ ಎಲ್ಲಿಗೋ ಹೋಗಿ ಸುಳ್ಳು ಹೇಳಿದ ಯಜಮಾನರು ಅಷ್ಟು ಅನುಭವಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಬೀಗದಕ್ಕ ಇಷ್ಟೂ ಯೋಚಿಸಿದಳು. ಹೂಂ ಗಂಟಲಿನವರೆಗೆ ಬಂದೇ ಬಂದಿತ್ತು.

"ಬಂದ ದಿನಾನೇ ದಿಂಬು ಮೂಸಿ ನೋಡ್ದೆ ಕಣೇ," ಎಂದರು ಕನ್ನಡಕದಮ್ಮ. "ಈ ವಯಸ್ಸಲ್ಲಿ. ನನ್ನ ದಿಂಬನ್ನ ನಾನೇ ಮೂಸ್ಕೊಂಡು ಕೂತಿದ್ದೆ."

ಅಷ್ಟು ಹೇಳಿ ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಕನ್ನಡಕವಿಲ್ಲದ ಆ ಮುಖ ಬೀಗದಕ್ಕನಿಗೆ ಹೊಸದು. ದಿಂಬು ಮೂಸುವ ಮನೆ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿಂದ ತಪ್ಪಿಸಿಕೊಂಡು ಬಂದವಳನ್ನೇ ಅಲ್ಲವೇ ಈ ಕೋಣೆಯಲ್ಲಿ ಮಲಗಿಸಿದ್ದು. ಆ ರೋಗವನ್ನು ತನ್ನ ಕೈಯಾರೆ ಇನ್ನೊಂದು ಮನೆಗೆ ಅಂಟಿಸುವುದು ಅವಳಿಂದಾಗಲಿಲ್ಲ.

"ಅಮ್ಮ, ಯಜಮಾನ್ರು ಬಂದಿರಲಿಲ್ಲ," ಎಂದಳು. "ಇದ್ದದ್ದು ನನ್ನ ತಂಗಿ."

ಒಮ್ಮೆ ಬಾಯಿಬಿಟ್ಟ ಮೇಲೆ ಏನನ್ನೂ ಮುಚ್ಚಿಡಲಿಲ್ಲ. ತಂಗಿಯ ಗಂಡನ ಗಡಿಯಾರ, ಕೈಚೀಲ, ಹಿಂಬಾಗಿಲು, ಎರಡು ತಿಂಗಳು, ಕೊನೆಗೆ ಜರಡಿ ಹಿಡಿದು ಧೂಳು ಉದುರಿಸಿದ್ದು, ಎಲ್ಲವನ್ನೂ ಹೇಳಿದಳು. ಧೂಳಿನ ಮಾತಿಗೆ ಕನ್ನಡಕದಮ್ಮ ನಗಬಹುದೆಂದು ಎಲ್ಲೋ ಒಂದು ಆಸೆ ಇತ್ತು. ಆಕೆ ನಗಲಿಲ್ಲ. ಕನ್ನಡಕ ಮತ್ತೆ ಮೂಗಿಗೇರಿತು.

"ಎಷ್ಟು ವಯಸ್ಸು ನಿನ್ನ ತಂಗಿಗೆ?"

"ಮೂವತ್ತಮ್ಮ. ನನಗಿಂತ ಹದಿನೈದು ವರ್ಷ ಚಿಕ್ಕೋಳು, ನಾನೇ ಎತ್ತಿ ಆಡಿಸಿದ್ದು."

"ಫೋಟೋ ಇದೆಯಾ?"

ನಂಬಿಕೆ ಬರಲಿ ಎಂದು ಕೇಳುತ್ತಿದ್ದಾರೆಂದುಕೊಂಡಳು ಬೀಗದಕ್ಕ. ಆತುರದಿಂದ ಫೋನ್ ತೆಗೆದು, ತಂಗಿ ಹೋದ ವಾರ ಕಾರ್ಖಾನೆಯಿಂದ ಕಳಿಸಿದ್ದ ಫೋಟೋ ಮುಂದೆ ಹಿಡಿದಳು. ಹೊಲಿಗೆ ಮೆಷಿನ್ ಮುಂದೆ ಕೂತು, ತಲೆ ಎತ್ತಿ, ಎಷ್ಟೋ ವರ್ಷದ ಮೇಲೆ ನಗುತ್ತಿದ್ದಳು ತಂಗಿ. ಕನ್ನಡಕದಮ್ಮ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಲಕ್ಷಣವಾಗಿದ್ದಾಳೆ," ಎಂದರು. "ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲೇ ಇದ್ಲಾ?"

"ಹೂಂ ಅಮ್ಮ."

"ಒಬ್ಬಳೇ?"

"ಒಬ್ಬಳೇ."

"ಯಾರಾದ್ರೂ ನೋಡಿದ್ದಾರಾ, ಒಬ್ಬಳೇ ಇದ್ದದ್ದನ್ನ?"

ಆಗ ಬೀಗದಕ್ಕನಿಗೆ ಅರ್ಥವಾಯಿತು. ಫೋನಿಗಾಗಿ ಕೈ ಚಾಚಿದಳು, ಕನ್ನಡಕದಮ್ಮ ಕೊಡಲಿಲ್ಲ. ಆಕೆ ಕೇಳಿದ್ದ ಹೆಸರನ್ನು ಅವಳು ತಾನಾಗಿ ತಂದು ಕೊಟ್ಟಿದ್ದಳು, ಫೋಟೋ ಸಮೇತ.

"ಅಯ್ಯೋ, ಹಾಗಲ್ಲಮ್ಮ. ಅವಳು ಅಂಥೋಳಲ್ಲ. ಯಜಮಾನ್ರು ಯಾರು ಅಂತಾನೂ ಅವಳಿಗೆ ಗೊತ್ತಿಲ್ಲ."

"ನೀನು ದಿನಾ ಬರ್ತಿದ್ಯಾ?"

"ದಿನಾ ಇಲ್ಲ. ಜನ ನೋಡ್ತಾರೆ ಅಂತ ವಾರಕ್ಕೊಂದು ಸಲ, ಹತ್ತು ದಿನಕ್ಕೊಂದು ಸಲ..."

"ಹತ್ತು ದಿನಕ್ಕೊಂದು ಸಲ," ಎಂದು ಕನ್ನಡಕದಮ್ಮ ಮೆಲ್ಲಗೆ ಹೇಳಿಕೊಂಡರು. "ಅವರು ಇದ್ದದ್ದು ಎಂಟು ದಿನ. ನಿನಗೂ ಗೊತ್ತಿಲ್ಲ ಬಿಡು, ನಿನಗೂ ಅವಳು ಹೇಳಿಲ್ಲ. ಇನ್ನೊಂದು ಕೀ ನನ್ನ ಬ್ಯಾಗ್ ಬಿಟ್ಟು ಅಲ್ಲಾಡಿಲ್ಲ. ಅವರಿಗೆ ಬಾಗಿಲು ತೆಗೆಯೋಕೆ ಒಳಗೆ ಒಬ್ಬಳು ಇರಲೇಬೇಕಿತ್ತು."

ಬೀಗದಕ್ಕ ಎದ್ದು ನಿಂತಳು, ಆಣೆ ಹಾಕಿದಳು, ಅತ್ತಳು. ಕನ್ನಡಕದಮ್ಮನ ಕಣ್ಣು ಅವಳ ಮೇಲೆ ಇತ್ತು, ಕಿವಿ ಇರಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಎರಡು ತಿಂಗಳು ಅಷ್ಟು ಜತನದಿಂದ ಬಚ್ಚಿಟ್ಟಿದ್ದಕ್ಕೆ, ತಂಗಿಯ ಪರವಾಗಿ ಹೇಳಲು ಈಗ ಒಂದು ನರಪಿಳ್ಳೆಯೂ ಇರಲಿಲ್ಲ. ಕಡೆಗೆ ಆಕೆ ಫೋನನ್ನು ಹಿಂದಕ್ಕೆ ಕೊಟ್ಟು, "ಕೀ ಮೇಜಿನ ಮೇಲಿಟ್ಟು ಹೋಗು," ಎಂದರು. ಬೀಗದಕ್ಕ ನೀಲಿ ಬಟ್ಟೆಯ ಗಂಟು ಬಿಚ್ಚದೆ ಬಳೆಯಿಂದ ಕೀ ಕಳಚಿದಳು. ಬಟ್ಟೆಯ ಸಮೇತ ಕೀಯನ್ನು ಇಟ್ಟು ಹೊರಗೆ ಬಂದಳು.

ರಸ್ತೆಯಲ್ಲಿ ಚಳಿಯವರು ಬಿಸಿಲು ಕಾಯಿಸಿಕೊಳ್ಳುತ್ತಾ ನಡೆಯುತ್ತಿದ್ದರು. ಇಬ್ಬರು ಅವಳಿಗೆ ಕೈ ಎತ್ತಿದರು. ನಾಳೆ ಇವರೂ ಬಳೆಯಿಂದ ಒಂದೊಂದೇ ಬಿಚ್ಚಿಸಿಕೊಳ್ಳುತ್ತಾರೆ. ಆದರೆ ಬೀಗದಕ್ಕನ ತಲೆಯಲ್ಲಿ ಆಗ ಕೀಗಳಿರಲಿಲ್ಲ. ಸೆಪ್ಟೆಂಬರ್ ತಿಂಗಳ ಯಾವ ವಾರ ತಾನು ಹೋಗಿರಲಿಲ್ಲ ಎಂದು ಲೆಕ್ಕ ಹಾಕುತ್ತಿದ್ದಳು. ಒಂದು ಸಲ ಜ್ವರ ಬಂದು ಹನ್ನೆರಡು ದಿನ ಹೋಗಿರಲಿಲ್ಲ. ಆಮೇಲೆ ಹೋದಾಗ ತಂಗಿ ಯಾಕೋ ಗೆಲುವಾಗಿದ್ದಳು, ಹಾಡು ಹೇಳಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಅವತ್ತು ಅದನ್ನು ಕಂಡು ಕಣ್ತುಂಬಿ ಬಂದಿತ್ತು. ಅಷ್ಟು ಬೇಗ ಅಷ್ಟು ಗೆಲುವು ಹೇಗೆ ಬಂತು?

ಛೀ, ಎಂದುಕೊಂಡಳು. ನಾಲ್ಕು ಹೆಜ್ಜೆ ನಡೆದಳು. ಮನೆಯ ತಿರುವಿನಲ್ಲಿ ನಿಂತು ಫೋನ್ ಹಚ್ಚಿದಳು. ಕನ್ನಡಕದಮ್ಮ ಹುಡುಕಿಕೊಂಡು ಬಂದಾರು, ಹುಷಾರಾಗಿರು ಎಂದು ಹೇಳುವುದಕ್ಕೇ ಹಚ್ಚಿದ್ದು. ಆ ಕಡೆ ಹತ್ತಾರು ಮೆಷಿನುಗಳ ಸದ್ದು, ಅದರ ನಡುವೆ ತಂಗಿಯ ದನಿ.

"ಹೇಳಕ್ಕ, ಊಟ ಆಯ್ತಾ?"

"ಹೂಂ, ಆಯ್ತು." ಹೇಳಬೇಕೆಂದಿದ್ದ ಮಾತು ಬಿಟ್ಟು ಬೇರೆಯೇ ಮಾತು ನಾಲಗೆಗೆ ಬಂತು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನಗೆ ಜ್ವರ ಬಂದಿತ್ತಲ್ಲ, ಆವಾಗ ಆ ಮನೆಗೆ ಯಾರಾದ್ರೂ ಬಂದಿದ್ರೇನೇ?"

ಮೆಷಿನುಗಳು ಓಡುತ್ತಲೇ ಇದ್ದವು, ಒಂದು ಮಾತ್ರ ನಿಂತಿತು.

"ನೀನೂನಾ ಅಕ್ಕ?" ಎಂದಳು.

ಬೀಗದಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತಳು. ಆ ಕಡೆ ನಿಂತಿದ್ದ ಮೆಷಿನ್ ಮತ್ತೆ ಓಡತೊಡಗಿತು.